ನೀರು ಬೇಡದ ಗಿಡ

ಅದು ನಮ್ಮ ಮನೆಗೆ ಬಂದದ್ದು ಪೇಢೆಯ ಡಬ್ಬಿಯಲ್ಲಿ. ಧಾರವಾಡದಿಂದ ಬಂದವರು ಕೈಯಲ್ಲಿ ಅಂಥ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ನಾನು ಚಹಾಕ್ಕಿಡುವ ಮೊದಲೇ ಮುಚ್ಚಳ ತೆಗೆದೆ. ಒಳಗೆ ಪೇಢೆ ಇರಲಿಲ್ಲ. ಹಳೆಯ ಪೇಪರಿನ ಮೇಲೆ ಬೆರಳುದ್ದದ ನಾಲ್ಕಾರು ಕಡ್ಡಿಗಳು ಮಲಗಿದ್ದವು. ಕಡ್ಡಿಗೆ ದಪ್ಪದಪ್ಪ ಎಲೆ, ಎಲೆಯ ಮೈಮೇಲೆಲ್ಲ ಸಣ್ಣಗೆ ಹೊಳೆಯುವ ಹನಿ.

"ಇದೇನ್ರಿ ಮೇಡಂ, ಪೇಢೆ ತಂದೀರಿ ಅನ್ಕೊಂಡಿದ್ದೆ," ಎಂದೆ.

"ಪೇಢೆ ತಿಂದ್ರ ಮುಗದ ಹೋಗತೈತಿ. ಇದು ಹಬ್ಬತೈತಿ. ಗುರುತ ಸಿಗಲಿಲ್ಲೇನ್ರಿ? ಐಸ್ ಪ್ಲಾಂಟ್. ಪಾಠಾ ಮಾಡತಿದ್ರಿ ನೀವ."

ಗುರುತು ಸಿಕ್ಕಿತ್ತು. ಬಿಟ್ಟುಬಂದ ಪಾಠವೂ ನೆನಪಾಗಿತ್ತು. ಸಿಟ್ಟು ಬಂದದ್ದೂ ಅದಕ್ಕೇ.

ಈ ಮೇಡಂ ಮತ್ತು ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆವು. ಅವರದು ಕಾಯಂ ನೌಕರಿ, ನನ್ನದು ಅತಿಥಿ ಉಪನ್ಯಾಸಕಿಯ ಕೆಲಸ. ಅತಿಥಿ ಎಂಬ ಮಾತು ಕೇಳಲಿಕ್ಕೆ ಚಂದ. ವರ್ಷ ವರ್ಷವೂ ಕರೆಯುವವರೆಗೆ ಕಾಯಬೇಕು, ಕರೆದ ಕೂಡಲೇ ಓಡಬೇಕು. ಆದರೂ ನನಗೆ ಆ ಕೆಲಸವೆಂದರೆ ಜೀವ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ ವರ್ಷ ಅದನ್ನು ಬಿಟ್ಟೆ. ಅಲ್ಲಿನ ಸಪ್ತಾಪುರದಲ್ಲಿ ಹಿತ್ತಲಿದ್ದ ಮನೆಯನ್ನೂ ಬಿಟ್ಟೆವು. ಗಂಡನ ಆಫೀಸಿಗೂ ದವಾಖಾನೆಗೂ ಹತ್ತಿರವೆಂದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮೂರನೆಯ ಮಹಡಿಯ ಮನೆ ಹಿಡಿದೆವು. ಇಲ್ಲಿ ಹಿತ್ತಲೂ ಅಂಗಳವೂ ಸೇರಿ ಒಂದು ಬಾಲ್ಕನಿ. ಇಬ್ಬರು ನಿಂತರೆ ಮೂರನೆಯವರು ಒಳಗೇ ನಿಲ್ಲಬೇಕು.

ಆಪರೇಶನ್ ಆಯಿತು, ಎಲುಬು ಕೂಡಿತು, ಆದರೆ ಅತ್ತೆ ಎದ್ದು ಓಡಾಡಲಿಲ್ಲ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ವಾಕರ್ ಹಿಡಿಸಿ ನಿಲ್ಲಿಸುತ್ತಿದ್ದಳು. ಅವಳು ಬರುವುದು ನಿಂತ ಮೇಲೆ ವಾಕರ್ ಮೂಲೆ ಸೇರಿತು. "ನನ್ನ ಕೈಲೆ ಆಗೂದಿಲ್ಲ ಯವ್ವಾ," ಎಂದುಬಿಟ್ಟರು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಎಲ್ಲಿಗೆ ಹೋಗಬೇಕಾದರೂ ನನ್ನ ತೋಳು ಬೇಕು. ನಾನು ಕೆಳಗೆ ಹೋದರೆ ಒಳಗಿನಿಂದ ಚಿಲಕ ಹಾಕಿಕೊಳ್ಳುವವರಿಲ್ಲ. ಬಾಗಿಲು ತೆರೆದಿಟ್ಟು ಹೋಗುವ ಕಾಲವೂ ಅಲ್ಲ. ಹೀಗಾಗಿ ಹೊರಗಿನಿಂದ ಕೀಲಿ. ಗಂಡನೇ ಹಚ್ಚಿಕೊಟ್ಟ ರೂಢಿ ಅದು. ಕಾಯಿಪಲ್ಲೆಗೆ ಹೋದರೂ ಕೀಲಿ, ಮಾಳಿಗೆಗೆ ಬಟ್ಟೆ ಒಣಹಾಕಲು ಹೋದರೂ ಕೀಲಿ. ಆ ಕೀಲಿಕೈ ನನ್ನ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಇರುತ್ತಿತ್ತು. ಹೋದ ಕೆಲಸ ಅರ್ಧಕ್ಕೆ ಬಿಟ್ಟು ಏದುಸಿರು ಬಿಡುತ್ತ ಓಡಿ ಬರುತ್ತಿದ್ದೆ. ಯಾರ ಮನೆಗಾದರೂ ಹೋಗಿ ಕೂತು ಚಹಾ ಕುಡಿದು ಎಷ್ಟು ಕಾಲವಾಗಿತ್ತೋ ನನಗೇ ನೆನಪಿರಲಿಲ್ಲ.

ಮೇಡಂ ಚಹಾ ಕುಡಿಯುತ್ತ ದನಿ ತಗ್ಗಿಸಿ ಕೇಳಿದರು. "ಮಳಿಗಾಲಕ್ಕ ಮತ್ತ ಅತಿಥಿಗಳನ್ನ ತೊಗೋತಾರ. ನಿಮ್ಮ ಹೆಸರು ಹೇಳಲೇನ್ರಿ?"

ನಾನು ಕಣ್ಣಲ್ಲೇ ಒಳಗಿನ ಕೋಣೆ ತೋರಿಸಿದೆ. ಅತ್ತೆ ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಮೇಡಂ ಮತ್ತೆ ಕೇಳಲಿಲ್ಲ. ಹೊರಡುವಾಗ ಮಾತ್ರ, "ಯೋಚನಿ ಮಾಡ್ರಿ, ಇನ್ನೂ ಟೈಮ್ ಐತಿ," ಎಂದರು. ಚಪ್ಪಲಿ ಮೆಟ್ಟಿದ ಮೇಲೆ ತಿರುಗಿ, "ನೀರು ಹಾಕಬ್ಯಾಡ್ರಿ ಮತ್ತ. ನಿಮಗೇನ ಹೇಳೂದು," ಎಂದು ನಕ್ಕರು.

ಐಸ್ ಪ್ಲಾಂಟ್ ಎಂದರೆ ಹಿಮದ ಗಿಡವಲ್ಲ, ಮರುಭೂಮಿಯದು. ಆಫ್ರಿಕಾದ ದಕ್ಷಿಣ ತುದಿಯ ಉಸುಕು ಕಲ್ಲಿನಲ್ಲಿ ನೆಲಕ್ಕಂಟಿಕೊಂಡು ಹಬ್ಬುತ್ತದೆ. ಹನಿಯಂತೆ ಕಾಣುವುದು ಹನಿಯಲ್ಲ, ಎಲೆಯ ಮೇಲ್ಪದರದ ಕೋಶಗಳೇ ನೀರು ತುಂಬಿಕೊಂಡು ಉಬ್ಬಿ ಹಾಗೆ ಹೊಳೆಯುತ್ತವೆ. ನೀರು ಸಿಗದ ಕಡೆ ಹುಟ್ಟಿದ್ದಕ್ಕೆ ಸಿಕ್ಕಷ್ಟನ್ನು ಮೈಯಲ್ಲೇ ಇಟ್ಟುಕೊಂಡು ಬದುಕುತ್ತದೆ. ಬೇರು ತೇವದಲ್ಲಿ ನಿಂತರೆ ಕೊಳೆತು ಸಾಯುತ್ತದೆ. ಹೂವು ರಾಣಿ ಬಣ್ಣದ್ದು, ಕಡು ಗುಲಾಬಿ. ಬಿಸಿಲು ನೆತ್ತಿಗೆ ಬಂದಾಗ ಅರಳಿ, ಬಿಸಿಲು ಇಳಿದರೆ ಮುಚ್ಚಿಕೊಳ್ಳುತ್ತದೆ, ಮೋಡ ಕವಿದರೆ ಅರಳುವುದೇ ಇಲ್ಲ. ಇದನ್ನೆಲ್ಲ ನಾನು ಬೋರ್ಡಿನ ಮೇಲೆ ಚಿತ್ರ ಬರೆದು ವರ್ಷವರ್ಷವೂ ಹೇಳಿದ್ದೆ. ಹೂವನ್ನು ಮಾತ್ರ ಕಣ್ಣಾರೆ ನೋಡಿರಲಿಲ್ಲ.

ಕಡ್ಡಿಗಳನ್ನು ಕೂಡಲೇ ನೆಡುವಂತಿಲ್ಲ, ಕತ್ತರಿಸಿದ ತುದಿ ಒಣಗಬೇಕು. ಡಬ್ಬಿಯಲ್ಲೇ ಕಪಾಟಿನ ಮೇಲಿಟ್ಟೆ. ಗಂಡ ಅದನ್ನು ನೋಡಿ, "ಈ ಕಸಾ ಯಾಕ ಕಾಯಾಕತ್ತೀ?" ಎಂದ. ಹುಬ್ಬಳ್ಳಿಯ ಕಪ್ಪು ಎರಿ ಮಣ್ಣು ಹಾಕಿದರೆ ಗಿಡ ಮುಗಿದಂತೆ, ಒಂದು ಸಲ ನೀರು ಹಿಡಿದರೆ ಬಿಡುವ ಮಣ್ಣಲ್ಲ ಅದು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು. ಅವರಲ್ಲಿ ಉಸುಕು, ಇಟ್ಟಂಗಿ ಚೂರು ಕೇಳಿ ತಂದು ಅಗಲ ಬಾಯಿಯ ಮಣ್ಣಿನ ಕುಂಡ ತುಂಬಿದೆ. ಕಡ್ಡಿ ಚುಚ್ಚಿದೆ. ಬಾಲ್ಕನಿಯಲ್ಲಿ ಬಿಸಿಲು ಬೀಳುವ ಜಾಗವೆಂದರೆ ಬಲಗಡೆಯ ಒಂದು ಮೂಲೆ, ಅದೂ ನಡುಮಧ್ಯಾಹ್ನದ ಸುಮಾರಿಗೆ. ಕುಂಡವನ್ನು ಅಲ್ಲಿಟ್ಟೆ.

ಚಳಿಗಾಲವಿಡೀ ಅದು ಹಬ್ಬಿತು. ಕಡ್ಡಿಯಿಂದ ಕಡ್ಡಿ ಒಡೆದು ಉಸುಕು ಕಾಣದಂತೆ ಮುಚ್ಚಿ, ಅಂಚು ದಾಟಿ ಕೆಳಗೆ ಇಳಿಬಿತ್ತು. ನಾನು ಮಾಡಿದ್ದೇನೂ ಇಲ್ಲ. ಮಣ್ಣು ಪೂರಾ ಒಣಗಿ ಎಲೆ ಸ್ವಲ್ಪ ಸುಕ್ಕಾದಾಗ ಒಂದು ಗುಟುಕು ನೀರು, ಅಷ್ಟೇ. ಮನೆಯಲ್ಲಿ ಪ್ರತಿಯೊಂದೂ ನನ್ನನ್ನು ಕೂಗುತ್ತಿತ್ತು. ಅತ್ತೆಯ ಗುಳಿಗೆ, ಗಂಡನ ಡಬ್ಬಿ, ನಳದ ನೀರು, ಕುಕ್ಕರಿನ ಸೀಟಿ. ಇದೊಂದು ಮಾತ್ರ ನನ್ನ ಗೊಡವೆಗೆ ಬರಬೇಡ ಎನ್ನುತ್ತಿತ್ತು. ಅದಕ್ಕೇ ಅದರ ಮೇಲೆ ಪ್ರೀತಿ ಬಂದುಬಿಟ್ಟಿತು. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅದರ ಹತ್ತಿರ ಸುಮ್ಮನೆ ಕೂರುತ್ತಿದ್ದೆ. ದಿನದಲ್ಲಿ ನನ್ನದು ಅನ್ನುವುದು ಅಷ್ಟು ಹೊತ್ತು ಮಾತ್ರ.

ಅತ್ತೆಗೆ ಇದು ಸರಿಬರುತ್ತಿರಲಿಲ್ಲ.

"ದಿನಾ ಹೋಗಿ ನೋಡತಿ, ಹನಿ ನೀರು ಹಾಕೂದಿಲ್ಲ. ಪಾಪ, ಅದಕ್ಕ ನೀರಡಿಕಿ ಆಗೂದಿಲ್ಲೇನು?"

"ಅದಕ್ಕ ನೀರು ಬ್ಯಾಡ್ರಿ ಅತ್ಯಾರ."

"ನೀರು ಬ್ಯಾಡ ಅನ್ನೂ ಗಿಡಾ ನಾ ಎಲ್ಲೂ ಕಂಡಿಲ್ಲ ತಾಯಿ," ಎಂದು ಮುಖ ತಿರುಗಿಸುತ್ತಿದ್ದರು. ರೈತರ ಮನೆಯಲ್ಲಿ ಹುಟ್ಟಿದವರು. ಗಿಡ ಎದುರಿಗಿಟ್ಟುಕೊಂಡು ನೀರು ಕೊಡದಿರುವುದು ಅವರ ಕಣ್ಣಿಗೆ ಕ್ರೌರ್ಯವಾಗಿ ಕಂಡರೆ ಆಶ್ಚರ್ಯವಿಲ್ಲ.

ಅವರ ದಿನ ಶುರುವಾಗುವುದು ಲಿಂಗಪೂಜೆಯಿಂದ. ಸೊಂಟ ಮುರಿದರೂ ಅದು ತಪ್ಪಿಲ್ಲ. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಕೊರಳಲ್ಲಿ ಕಟ್ಟಿಕೊಂಡ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ ಕಣ್ಣು ಮುಚ್ಚಿದರೆ ಯಾರು ಕೂಗಿದರೂ ಓಗೊಡುವವರಲ್ಲ. ಎರೆದ ನೀರು ಕೆಳಗಿಟ್ಟ ತಾಮ್ರದ ತಾಟಿನಲ್ಲಿ ನಿಲ್ಲುತ್ತದೆ. ಆ ನೀರನ್ನು ಬಚ್ಚಲಿಗೆ ಚೆಲ್ಲುವಂತಿಲ್ಲ, ಕಾಲು ತುಳಿಯುವ ಕಡೆ ಹಾಕುವಂತಿಲ್ಲ. ಯಾವುದಾದರೂ ಗಿಡದ ಬುಡಕ್ಕೇ ಹೋಗಬೇಕು. ಸಪ್ತಾಪುರದಲ್ಲಿ ಹಿತ್ತಲ ಕಣಗಿಲ ಗಿಡಕ್ಕೆ ಹಾಕುತ್ತಿದ್ದರು. ಇಲ್ಲಿ ನಾನು ಮೂರು ಮಹಡಿ ಇಳಿದು ಕಂಪೌಂಡಿನ ಮೂಲೆಯಲ್ಲಿದ್ದ ಬೇವಿನ ಗಿಡಕ್ಕೆ ಹಾಕಿ ಬರುತ್ತಿದ್ದೆ. ಲಿಫ್ಟು ಇದೆ, ಅದು ನಡೆದ ದಿನ ನಡೆಯಿತು.

ಸಂಕ್ರಾಂತಿ ಆದ ಮೇಲೆ ಕಂಪೌಂಡಿನ ನೆಲಕ್ಕೆಲ್ಲ ಸಿಮೆಂಟಿನ ಕಲ್ಲು ಹಾಸಿದರು. ಗಾಡಿ ನಿಲ್ಲಿಸಲು ಜಾಗ ಬೇಕೆಂದು ಬೇವಿನ ಗಿಡ ಕಡಿದರು. ಇನ್ನು ಲಿಂಗದ ನೀರಿಗೆ ಗಿಡ ಹುಡುಕಬೇಕೆಂದರೆ ರಸ್ತೆ ದಾಟಬೇಕು. ಮನೆಗೆ ಕೀಲಿ ಹಾಕಿ, ಕೈಯಲ್ಲಿ ತಂಬಿಗೆ ಹಿಡಿದು, ಕಾಲೇಜಿನ ಹುಡುಗರ ಗಾಡಿಗಳ ನಡುವೆ ಮೈ ತಪ್ಪಿಸಿಕೊಂಡು ಆಚೆಗೆ ಹೋಗಿ ಬರುವಷ್ಟರಲ್ಲಿ ನನಗೆ ಸಾಕೋ ಸಾಕಾಗುತ್ತಿತ್ತು. ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಕೇಳಿಸಲಿ ಎಂದೇ ಕುಕ್ಕುತ್ತಿದ್ದೆ.

ಕೇಳಿಸಿತು. ಒಂದು ದಿನ ಅತ್ತೆ, "ನೀ ಇಳೀಬ್ಯಾಡ. ನಿನ್ನ ಗಂಡ ಆಫೀಸಿಗೆ ಹೋಗೂ ಮುಂದ ಒಯ್ತಾನ. ಅವಗ ಹೇಳೇನಿ," ಎಂದರು. ಅಬ್ಬ ಎನಿಸಿತು. ಗಂಡ ಆಫೀಸಿಗೆ ಹೊರಡುವ ಹೊತ್ತಿಗೆ ನಾನು ಒಗೆದ ಬಟ್ಟೆ ಹೊತ್ತುಕೊಂಡು ಮಾಳಿಗೆಯ ಮೇಲಿರುತ್ತಿದ್ದೆ. ಇಳಿದು ಬಂದಾಗ ತಾಮ್ರದ ತಾಟು ಖಾಲಿ ಇರುತ್ತಿತ್ತು. ನೀರು ಒಯ್ದೆಯಾ ಎಂದು ಗಂಡನನ್ನು ಒಂದು ದಿನವೂ ಕೇಳಲಿಲ್ಲ. ಮನೆಯಲ್ಲಿ ಒಂದಾದರೂ ಕೆಲಸ ನನ್ನನ್ನು ಬಿಟ್ಟು ನಡೆಯುತ್ತಿದೆಯಲ್ಲ ಎಂಬ ಸಮಾಧಾನ ನನಗೆ.

ಶಿವರಾತ್ರಿಯ ಹೊತ್ತಿಗೆ ಗಿಡದಲ್ಲಿ ಮೊಗ್ಗು ಕಾಣಿಸಿತು. ಹಸಿರು ಕಡಲೆ ಕಾಳಿನಷ್ಟು. ನಾನು ಮಗುವಿನ ಹಾಗೆ ಕುಣಿದಾಡುವುದೊಂದು ಬಾಕಿ. ಆದರೆ ಮೊಗ್ಗು ಬಿಡಿಸಿಕೊಳ್ಳಲಿಲ್ಲ. ಮೊದಲು ಕುಂಡದ ನಡುವೆ ಎಲೆಗಳು ಹಳದಿಯಾದವು. ಆಮೇಲೆ ಗಾಜಿನ ಹಾಗೆ ತೆಳ್ಳಗಾಗಿ, ಮುಟ್ಟಿದರೆ ಕೈಗೆ ಲೋಳೆ ಅಂಟತೊಡಗಿತು. ಕಡ್ಡಿ ಬುಡದಲ್ಲಿ ಕಪ್ಪಾಯಿತು. ಉಸುಕಿನ ಮೇಲೆ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. ಬೂಷ್ಟು ಎಂದುಕೊಂಡು ಕೆರೆದು ತೆಗೆದೆ, ಮರುದಿನ ಮತ್ತೆ ಕಟ್ಟಿತು. ಕೊಳೆಯುವುದೆಂದರೆ ನೀರು. ಅಷ್ಟು ನನಗೆ ಗೊತ್ತಿತ್ತು. ಆದರೆ ನಾನು ವಾರಗಟ್ಟಲೆ ನೀರೇ ಕೊಟ್ಟಿರಲಿಲ್ಲವಲ್ಲ.

ಹಾಗಿದ್ದರೆ ಮೇಲಿನ ಮನೆಯವರದೇ ಕೆಲಸ, ಬಾಲ್ಕನಿ ತೊಳೆದ ನೀರು ಕೆಳಗೆ ಬಿಡುತ್ತಾರೆ ಎಂದು ತೀರ್ಮಾನಿಸಿದೆ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಕೀಲಿ ಹಾಕಿ, ದಡದಡ ಮೆಟ್ಟಿಲು ಹತ್ತಿ ಹೋಗಿ ಬೆಲ್ ಒತ್ತಿದೆ. ಆ ಮನೆಯಾಕೆ ಬಾಗಿಲು ತೆರೆದಳು. ಹಿಂದೆ ಇನ್ನೂ ಬಿಚ್ಚದ ಚೀಲಗಳು ಸಾಲಾಗಿದ್ದವು. ನಾನು ಅದನ್ನೆಲ್ಲ ನೋಡುವ ಸ್ಥಿತಿಯಲ್ಲಿರಲಿಲ್ಲ.

"ನಿಮ್ಮ ನೀರಿನಿಂದ ನನ್ನ ಗಿಡಾ ಸಾಯಾಕತ್ತೈತ್ರಿ. ದಿನಾ ಹಿಂಗ ಬಿಟ್ರ ಹೆಂಗ?"

"ಅಕ್ಕಾರ, ನಾವು ಈಗರ ಊರಿಂದ ಬಂದೇವಿ. ಅಣ್ಣನ ಮಗಳ ಶಾದಿ ಇತ್ತು. ಇಪ್ಪತ್ತ ದಿನಾ ಮನಿ ಬಂದ್ ಇತ್ತಲ್ರಿ," ಎಂದಳು ಆಕೆ, ಪಾಪ ಬಹಳ ಮೆತ್ತಗೆ. ಮೇಲಾಗಿ ಒಳಗೆ ಹೋಗಿ ಮದುವೆಯ ಮಿಠಾಯಿ ತಂದು ಕೈಗಿಟ್ಟಳು. ನಾನು ಅದನ್ನು ಹಿಡಿದುಕೊಂಡು ಮುಖ ಎಲ್ಲಿಡಬೇಕೋ ತಿಳಿಯದೆ ಇಳಿದು ಬಂದೆ. ನನ್ನ ಕೀಲಿ ನಾನೇ ತೆಗೆದುಕೊಂಡು ಒಳಗೆ ಬಂದಾಗ ಅತ್ತೆ, "ಏನಾತು?" ಎಂದರು. "ಏನಿಲ್ರಿ," ಎಂದೆ.

ಯುಗಾದಿ ಮುಗಿದು ಕೆಲವು ದಿನಗಳಲ್ಲಿ ಮೇಡಂ ಫೋನ್ ಮಾಡಿದರು. ಈ ವಾರ ಹೆಸರು ಕೊಡಬೇಕು, ಇದಾದ ಮೇಲೆ ಬೇರೆಯವರನ್ನು ತೆಗೆದುಕೊಂಡರೆ ಮತ್ತೆ ನಿಮ್ಮನ್ನು ಕರೆಯುವುದು ಕಷ್ಟ, ಎಂದರು. ಎರಡು ವರ್ಷ ಬಿಟ್ಟವಳನ್ನು ಇನ್ನೂ ನೆನಪಿಟ್ಟುಕೊಂಡಿದ್ದೇ ದೊಡ್ಡದು.

"ಬ್ಯಾಡ್ರಿ ಮೇಡಂ. ನನ್ನ ಕೈಲೆ ಆಗೂದಿಲ್ಲ," ಎಂದೆ.

"ಇರ್ಲಿ ಬಿಡ್ರಿ. ಗಿಡಾ ಹೆಂಗೈತಿ?"

"ಛಲೋ ಐತ್ರಿ."

ಫೋನ್ ಇಟ್ಟು ಬಾಲ್ಕನಿಗೆ ಬಂದೆ. ಕೊಳೆತ ಗಿಡದ ವಾಸನೆ ಬರುತ್ತಿತ್ತು. ಕೆಳಗೆ ಕಾಲೇಜು ಬಿಟ್ಟ ಹುಡುಗಿಯರು ಕೈಕೈ ಹಿಡಿದು ನಗುತ್ತ ಹೋಗುತ್ತಿದ್ದರು. ನಾನು ಹೇಳಿದ ಮಾತು ಅತ್ತೆಯ ಮಾತೇ ಆಗಿತ್ತು, ನನ್ನ ಕೈಲೆ ಆಗೂದಿಲ್ಲ. ಅಳು ಒತ್ತರಿಸಿ ಬಂತು. ಸಾಯುವ ತನಕ ಈ ಮೂರು ಕೋಣೆ, ಈ ಬಾಲ್ಕನಿ ಕಟಾಂಜನದ ಸರಳು, ಈ ಕೀಲಿ ಎನಿಸಿತು. ಒಳಗಿನಿಂದ ಅತ್ತೆ, "ಯಾರದ ಫೋನು?" ಎಂದು ಕೂಗಿದರು. ಕಣ್ಣೊರೆಸಿಕೊಂಡು ಒಳಗೆ ಹೋಗಿ ಅವರಿಗೆ ಗುಳಿಗೆ ಕೊಟ್ಟೆ.

ಅದಾಗಿ ಎರಡು ದಿನಕ್ಕೆ ಬೆಳಗ್ಗೆಯೇ ಮೋಡ ಕಟ್ಟಿತ್ತು. ಗಂಡ ಅಂದು ಬೇಗನೆ ಹೊರಟು ಹೋಗಿದ್ದ. ಅತ್ತೆ ಪೂಜೆಯಲ್ಲಿದ್ದರು. ನಾನು ಬಾಗಿಲಿಗೆ ಕೀಲಿ ಹಾಕಿ ಬಟ್ಟೆಯ ಬಕೆಟ್ಟು ಹೊತ್ತು ಮಾಳಿಗೆಗೆ ಹೋದೆ. ಇನ್ನೂ ಎರಡು ಸೀರೆ ಹಾಕಿರಲಿಲ್ಲ, ದಪ್ಪ ದಪ್ಪ ಹನಿ ಬೀಳತೊಡಗಿತು. ಹಾಕಿದ್ದನ್ನೂ ಎಳೆದುಕೊಂಡು ಬಕೆಟ್ಟಿಗೆ ತುರುಕಿ ಕೆಳಗೆ ಬಂದೆ. ಕೀಲಿ ತೆಗೆದು ಒಳಗೆ ಬಂದರೆ ಕುರ್ಚಿ ಖಾಲಿ. ಮಂಚ ಖಾಲಿ. ಮತ್ತೆ ಬಿದ್ದರು ಎಂದುಕೊಂಡು ಬಚ್ಚಲಿಗೆ ಓಡಿದೆ. ಅಲ್ಲೂ ಇಲ್ಲ. ಮೂಲೆಯಲ್ಲಿದ್ದ ವಾಕರ್ ಕೂಡ ಇಲ್ಲ.

ಬಾಲ್ಕನಿಯಲ್ಲಿ ನಿಂತಿದ್ದರು. ನನ್ನ ಕಡೆ ಬೆನ್ನು. ಎಡಗೈಯಲ್ಲಿ ವಾಕರ್ ಗಟ್ಟಿ ಹಿಡಿದು, ಬಲಗೈಯಲ್ಲಿದ್ದ ತಂಬಿಗೆಯಿಂದ ಕುಂಡಕ್ಕೆ ನಿಧಾನವಾಗಿ ನೀರು ಹೊಯ್ಯುತ್ತಿದ್ದರು. ತಂಬಿಗೆ ಇಟ್ಟುಕೊಂಡು ಬರಲು ವಾಕರಿಗೆ ಒಂದು ಕೈಚೀಲ ಕಟ್ಟಿಕೊಂಡಿದ್ದರು. ವಿಭೂತಿ ಕಲೆತ ಬೆಳ್ಳನೆಯ ನೀರು. ಜೊತೆಗೆ ಒಂದು ಪತ್ರಿಯ ಎಲೆಯೂ ಬಿತ್ತು. ಅದನ್ನು ಮಾತ್ರ ಬಗ್ಗಿ ಎತ್ತಿಕೊಂಡರು. ಹೌದು, ಬಗ್ಗಿದರು. ನನ್ನ ತೋಳಿಲ್ಲದೆ ಬಚ್ಚಲಿಗೆ ಹೋಗಲಾರದ ಅತ್ತೆ.

ಕೂಗಲಿಲ್ಲ. ಕೂಗಿದರೆ ಬೆಚ್ಚಿ ಬಿದ್ದಾರೆಂಬ ಭಯ. ಬಕೆಟ್ಟು ಹಿಡಿದುಕೊಂಡೇ ನಿಂತೆ. ಅವರು ವಾಕರನ್ನು ಎತ್ತಿ ಇಟ್ಟು, ಎತ್ತಿ ಇಟ್ಟು ತಿರುಗಿದರು. ನನ್ನನ್ನು ಕಂಡರು.

"ಮಳಿ ಬಂತೇನು?" ಎಂದರು.

"ಯಾವಾಗಿಂದ ಅಡ್ಡಾಡಾಕತ್ತೀರಿ ನೀವು?"

"ಏನ ಅಡ್ಡಾಡೂದು ಬಿಡು. ಇಲ್ಲಿಂದ ಇಲ್ಲಿಗೆ."

"ಅತ್ಯಾರ, ಕೇಳಿದ್ದಕ್ಕ ಹೇಳ್ರಿ."

"ಬೇವಿನ ಗಿಡಾ ಕಡದ ಮ್ಯಾಲ," ಎಂದರು, ನೆಲ ನೋಡುತ್ತ.

ಆಗ ನನ್ನ ಬಾಯಿಗೆ ಹಿಡಿತವೇ ಉಳಿಯಲಿಲ್ಲ. "ನಾ ಇಲ್ಲಿ ನಿಮ್ಮನ್ನ ಹೊತ್ತಗೊಂಡ ಬಚ್ಚಲಕ ಒಯ್ತೇನಿ. ನೌಕರಿ ಬಿಟ್ಟೇನಿ. ಮೊನ್ನೆ ಮೊನ್ನೆ ಕರದ್ರ ಬರೂದಿಲ್ಲಂತ ಹೇಳೇನಿ. ನೀವು ನನ್ನ ಬೆನ್ನ ಹಿಂದ ಛಲೋತ್ನ್ಯಾಗ ಅಡ್ಡಾಡಾಕತ್ತೀರಿ. ಮ್ಯಾಲ ನನ್ನ ಗಿಡಾನೂ ಕೊಂದ್ರಿ. ನನಗಂತ ಇದ್ದದ್ದು ಅದೊಂದ."

ಗಿಡದ ಮಾತಿಗೆ ಅವರ ಮುಖದ ಬಣ್ಣವೇ ಹೋಯಿತು.

"ಲಿಂಗದ ನೀರು ಹಾಕಿದ್ರ ಗಿಡಾ ಸಾಯತೈತೇನು?" ಎಂದರು. ನಾಟಕವಾಗಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದರು. "ನೀ ಹನಿ ನೀರು ಹಾಕತಿದ್ದಿಲ್ಲ. ನೀರಿಗೂ ಗಿಡಾ ಸಿಕ್ಕಂಗಾತು, ಗಿಡಕ್ಕೂ ನೀರು ಸಿಕ್ಕಂಗಾತು, ನೀನೂ ಇಳಿಯೂದು ತಪ್ಪಿತು ಅನ್ಕೊಂಡೆ. ಒಣಗಾಕತ್ತಿದ್ದು ನೋಡಿ ಇನ್ನೊಂದ ಚೂರು ಹೆಚ್ಚ ಹಾಕಿದೆ."

"ಅದು ಹೋಗ್ಲಿ. ಅಡ್ಡಾಡಾಕ ಬರತೈತಿ ಅಂತ ಯಾಕ ಹೇಳಲಿಲ್ಲ?"

ಅವರು ವಾಕರ್ ಎತ್ತಿಡುತ್ತ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಹೊರಗೆ ಮಳೆ ಜೋರಾಯಿತು.

"ಹೇಳಿದ್ರ ನೀ ಕಾಲೇಜಿಗೆ ಹೋಗತಿ," ಎಂದರು ಕೊನೆಗೆ.

"ಹೋದ್ರ ಏನಾಗತಿತ್ರಿ?"

"ಕಾಯಿಪಲ್ಲೆ ತರಾಕ ಹೋದಾಗ ಕೀಲಿ ಹಾಕ್ಕೊಂಡ ಹೋಗತಿ. ನೀ ಬರೂ ಮಟಾ ನಾ ಆ ಬಾಗಲಾ ನೋಡಕೊಂತ ಕುಂದರತೇನಿ. ಗ್ಯಾಸಿನ ವಾಸನಿ ಬಂದಂಗ ಆಗತೈತಿ. ಬೆಂಕಿ ಬಿದ್ರ ಯಾರನ್ನ ಕರೀಲಿ, ಎಲ್ಲಿ ಹೋಗ್ಲಿ ಅಂತ ಎದಿ ಡವಡವ ಅಂತೈತಿ. ಒಂದ ಸಲ ಎದ್ದ ಹೋಗಿ ಬಾಗಲಾ ಜಗ್ಗೇನಿ. ಬರಲಿಲ್ಲ. ಅಷ್ಟ ಹೊತ್ತಿಗೇ ಹಿಂಗ. ಇಡೀ ದಿನಾ ಕೀಲಿ ಹಾಕಿ ಹೋದ್ರ ನಾ ಸತ್ತ ಹೋಗತೇನಿ ಯವ್ವಾ."

ಈ ಮನೆಯಲ್ಲಿ ಸಿಕ್ಕಿಬಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಸಂಕಟವಾಯಿತು. ಆದರೆ ಸಂಕಟವಾಯಿತೆಂದು ಸಿಟ್ಟೇನೂ ಇಳಿಯಲಿಲ್ಲ, ಎರಡೂ ಒಟ್ಟಿಗೇ ಇದ್ದವು. ಸೊಂಟದಲ್ಲಿದ್ದ ಕೀಲಿಕೈ ತೆಗೆದು ಮೇಜಿನ ಮೇಲೆ ಕುಕ್ಕಿದೆ. ಹೋಗಿ ಕುಂಡದ ಮುಂದೆ ಕೂತೆ. ಒಳಗೆ ಕೈ ಹಾಕಿದರೆ ಎಲ್ಲ ಲೋಳೆ, ಮೊಗ್ಗುಗಳೂ ಕರಗಿಹೋಗಿದ್ದವು. ಅಂಚು ದಾಟಿ ಹೊರಗೆ ಜೋತುಬಿದ್ದ ಎರಡು ಮೂರು ಕಡ್ಡಿಯ ತುದಿಗಳು ಮಾತ್ರ ಗಟ್ಟಿಯಾಗಿದ್ದವು. ಅವನ್ನು ಕತ್ತರಿಸಿ ಅದೇ ಪೇಢೆಯ ಡಬ್ಬಿಯಲ್ಲಿ ಒಣಗಲು ಇಟ್ಟೆ.

"ಬದುಕತಾವೇನು?" ಎಂದು ಒಳಗಿನಿಂದ ಕೇಳಿದರು.

"ನೀರು ಹಾಕದಿದ್ರ ಬದುಕತಾವ್ರಿ," ಎಂದೆ.

ಸಂಜೆ ಗಂಡ ಬಂದ ಮೇಲೆ ಮೊದಲು ನೀರಿನ ವಿಚಾರಣೆಯಾಯಿತು. "ನಾ ಎಲ್ಲಿ ಒಯ್ತಿದ್ದೆ? ನೀ ಒಯ್ತಿ ಅಂತ ಅವ್ವ ಹೇಳಿದ್ಲು," ಎಂದ ಅವನು. ಇಷ್ಟು ದಿನ ಗಂಡ ಹೆಂಡತಿ ಒಬ್ಬರನ್ನೊಬ್ಬರು ಒಂದು ಮಾತು ಕೇಳಲಿಲ್ಲವೆಂದರೆ ನಮ್ಮ ಸಂಸಾರ ಎಷ್ಟು ಸರಾಗವಾಗಿ ನಡೆಯುತ್ತಿತ್ತೆಂದು ತಿಳಿಯಬಹುದು. ಕಾಲೇಜಿನ ಮಾತೆತ್ತಿದೆ. "ಒಬ್ಬಾಕೀನ್ನ ಬಿಟ್ಟ ಹೆಂಗ ಹೋಗತಿ? ಮತ್ತ ಬಿದ್ರ ಏನ ಮಾಡೂದು?" ಎಂದ. ಅವನು ಹೇಳಿದ್ದು ಸುಳ್ಳಲ್ಲ. ನಾನು ಉತ್ತರ ಹುಡುಕುತ್ತಿರುವಾಗಲೇ ಒಳಗಿನಿಂದ ಅತ್ತೆಯ ದನಿ ಬಂತು.

"ಚಿಲಕಾ ಒಳಗಿಂದ ನಾ ಹಾಕ್ಕೋತೇನಿ. ನೀವು ಕೀಲಿ ಒಂದ ಹಾಕಬ್ಯಾಡ್ರಿ. ಆಕೀ ಹೋಗ್ಲಿ."

ನಾನು ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿ ಹೆಸರು ಹೇಳಿರೆಂದೆ.

ಬಾಗಿಲಿನ ಚಿಲಕ ಎತ್ತರದಲ್ಲಿತ್ತು. ಗಂಡ ಇನ್ನೊಂದು ಚಿಲಕ ತಂದು ಅತ್ತೆಯ ಕೈಗೆ ಎಟಕುವಷ್ಟು ಕೆಳಗೆ ಕೂರಿಸಿದ. ದಿನಾ ಸಂಜೆ ಅತ್ತೆ ಮಂಚದಿಂದ ಬಾಗಿಲಿಗೆ ಹೋಗಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದರು. ಲಿಂಗದ ನೀರಿಗೆಂದು ಬಾಲ್ಕನಿಯ ಎಡಗಡೆಯಲ್ಲಿ ಒಂದು ಹಳೆಯ ಡ್ರಮ್ಮಿನಲ್ಲಿ ಕಣಗಿಲ ನೆಟ್ಟೆವು. ಬಲಗಡೆಯ ಮೂಲೆಯ ಕುಂಡಕ್ಕೆ ಹೊಸ ಉಸುಕು ತುಂಬಿ ಒಣಗಿದ ಕಡ್ಡಿ ಚುಚ್ಚಿದೆ. "ಆ ಕಡೆ ಹೊಳ್ಳಿ ಸುದ್ದಾ ನೋಡೂದಿಲ್ಲ ತಾಯಿ," ಎಂದರು ಅತ್ತೆ. ಆದರೆ ನೋಡುತ್ತಿದ್ದರು.

ಕಾಲೇಜು ಶುರುವಾದ ದಿನ ಜಿಟಿಜಿಟಿ ಮಳೆ. ಅಡಿಗೆ ಮುಚ್ಚಿಟ್ಟು, ಗ್ಯಾಸ್ ಕೆಳಗಿನಿಂದಲೇ ಬಂದ್ ಮಾಡಿ, ಫೋನನ್ನು ಅವರ ದಿಂಬಿನ ಪಕ್ಕ ಇಟ್ಟು ಹೊರಗೆ ಬಂದೆ. ಮೆಟ್ಟಿಲ ಹತ್ತಿರ ನಿಂತೆ. ಒಳಗೆ ವಾಕರ್ ಎತ್ತಿಡುವ ಸದ್ದು ಬಾಗಿಲಿನ ತನಕ ಬಂತು. ಚಿಲಕ ಬಿತ್ತು. "ಹಾಕೇನಿ, ಹೋಗ ನೀ," ಎಂದರು ಒಳಗಿನಿಂದ.

ಬಿಡುಗಡೆ ಎಂದರೆ ಹಾರಿಕೊಂಡು ಹೋಗುವುದು ಎಂದುಕೊಂಡಿದ್ದೆ. ಧಾರವಾಡದ ಬಸ್ಸಿನಲ್ಲಿ ಕೂತವಳು ದಾರಿಯುದ್ದಕ್ಕೂ ಸೊಂಟ ಮುಟ್ಟಿ ನೋಡಿಕೊಂಡೆ, ಕೀಲಿಕೈ ಇರಲಿಲ್ಲ. ಪಾಠ ಮಾಡುವಾಗ ಬೋರ್ಡಿನ ಮೇಲೆ ಬೇರಿನ ಚಿತ್ರ ಬರೆಯುತ್ತ ಇನ್ನೊಂದು ಭಯ ಹೊಕ್ಕಿತು. ಅವರು ಬಾಗಿಲ ಹತ್ತಿರವೇ ಬಿದ್ದರೆ ಆ ಚಿಲಕ ಹೊರಗಿನಿಂದ ಯಾರು ತೆಗೆಯಬೇಕು? ಮಧ್ಯಾಹ್ನ ಫೋನ್ ಮಾಡಿದರೆ ಎತ್ತಲಿಲ್ಲ. ಎರಡನೆಯ ಸಲ ಎತ್ತಿ, "ಕಣಗಿಲ ನೋಡಾಕ ಹೋಗಿದ್ದೆ. ನಿನಗ ಕೆಲಸಾ ಇಲ್ಲೇನು ಅಲ್ಲಿ?" ಎಂದರು. ಸಂಜೆ ನನ್ನ ಮನೆಯ ಮುಂದೆ ನಾನೇ ಬೆಲ್ ಒತ್ತಿ ನಿಂತೆ. ಒಳಗಿನಿಂದ ಸದ್ದು ಬರುವವರೆಗೂ ಬಾಗಿಲಿಗೆ ಕಿವಿಗೊಟ್ಟಿದ್ದೆ. ಹೀಗೆಯೇ ದಿನಗಳು ಹೋದವು. ನಾನು ಹೊರಗಿದ್ದಾಗ ಮನಸ್ಸು ಮನೆಯೊಳಗೆ, ಮನೆಗೆ ಬಂದ ಮೇಲೆ ಮರುದಿನದ ಪಾಠದೊಳಗೆ. ಕಾಲು ಮಾತ್ರ ಅತ್ತಿಂದಿತ್ತ ಓಡಾಡುತ್ತಿತ್ತು.

ಮಳೆಗಾಲದಲ್ಲಿ ಕುಂಡವನ್ನು ಗೋಡೆಗೆ ಒತ್ತಿ ಎರಚಲು ತಾಗದಂತೆ ಇಟ್ಟಿದ್ದೆ. ಕಡ್ಡಿಗಳು ಬದುಕಿದವು. ಮೆಲ್ಲಗೆ ಹಬ್ಬಿದವು. ದಸರಾ ಮುಗಿದು ಮೋಡ ಹರಿದ ಮೇಲೆ ಮೊಗ್ಗು ಬಂದವು, ಈ ಸಲ ಗಟ್ಟಿ ಮೊಗ್ಗು. ಒಂದರ ತುದಿಯಲ್ಲಿ ರಾಣಿ ಬಣ್ಣ ಇಣುಕಿತು. ರವಿವಾರ ಕುರ್ಚಿ ಹಾಕಿಕೊಂಡು ಅದರ ಮುಂದೆಯೇ ಕೂತೆ. ಅತ್ತೆಯೂ ವಾಕರ್ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಸರಿಯಾಗಿ ಬಿಸಿಲು ಮೂಲೆಗೆ ಬರುವ ಹೊತ್ತಿಗೆ ಎಲ್ಲಿಂದಲೋ ಮೋಡ ಬಂತು. ಅರಳಲಿಲ್ಲ.

ಮರುದಿನ ಧಾರವಾಡದಲ್ಲಿ ರಣರಣ ಬಿಸಿಲು. ಸಂಜೆ ಬಂದು ಬೆಲ್ ಒತ್ತಿದೆ. ವಾಕರಿನ ಸದ್ದು ಎಂದಿಗಿಂತ ಬೇಗ ಬಂತು. ಚಿಲಕ ತೆಗೆದ ಅತ್ತೆಯ ಮುಖ ಕಂಡೇ ನನಗೆ ತಿಳಿಯಿತು.

"ಅರಳಿತ್ತು," ಎಂದರು.

ಚಪ್ಪಲಿ ಬಿಡದೆ ಬಾಲ್ಕನಿಗೆ ಓಡಿದೆ. ಬಿಸಿಲು ಎಂದೋ ಹೋಗಿತ್ತು. ಹೂವು ಮತ್ತೆ ಬಿಗಿಯಾಗಿ ಮುಚ್ಚಿಕೊಂಡು ಬೆಳಗಿನ ಮೊಗ್ಗಿನ ಹಾಗೇ ನಿಂತಿತ್ತು. ಅಷ್ಟು ವರ್ಷ ಪಾಠ ಮಾಡಿದವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

"ಹೆಂಗಿತ್ರಿ ಅತ್ಯಾರ?" ಎಂದು ಕೇಳಿದೆ.

ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಳಿದರು. "ನನ್ನ ಮದವಿ ಸೀರಿ ಬಣ್ಣಾ ನೋಡು. ಎಸಳು ಎಸಳು ದಾರ ಎಳದಂಗ. ಬಿಸಲಾಗ ಕಣ್ಣ ಕುಕ್ಕತಿತ್ತು. ಬಿಸಲು ಆ ಕಟ್ಟಿ ಮ್ಯಾಲ ಹೋಗೂ ಮಟಾ ನಾ ಇಲ್ಲೇ ನಿಂತಿದ್ದೆ. ಕಾಲ ಸೋತು, ಕುರ್ಚಿ ಜಗ್ಗಿಕೊಂಡ ಕುಂತೆ. ಆಮ್ಯಾಲ ಹಿಂಗ ಮುಚ್ಚಿತು." ಮುಷ್ಟಿ ಮಾಡಿ ತೋರಿಸಿದರು.

"ನಾಳೆನೂ ಅರಳತೈತ್ರಿ. ಆದ್ರ ನಾ ಇರೂದಿಲ್ಲ. ರವಿವಾರ ಮಟಾ ಉಳಿದ್ರ ನೋಡತೇನಿ."

"ಉಳಿದ್ರ ನೋಡತಿ. ಇಲ್ಲಂದ್ರ ದಿನಾ ಸಂಜಿಕ ನಾ ಹೇಳತೇನಿ," ಎಂದರು. "ನಾ ಎಲ್ಲಿ ಹೋಗಬೇಕು, ಇಲ್ಲೇ ಇರತೇನಿ."